ರುಜು ಹಾಕಲು ಬಂದರೆ ಓದಲು ಬಂದಂತಲ್ಲ

ನಮಸ್ಕಾರ. ದೊಡ್ಡವರಿಗೆ ಅಕ್ಷರ ಕಲಿಸುವ ಕಾರ್ಯಕ್ರಮ ಅಂದರೆ ಒಂದು ಫೋಟೋ ಇದ್ದೇ ಇರುತ್ತದೆ, ಅಲ್ವಾ? ಅಜ್ಜಿಯೊಬ್ಬರು ಸ್ಲೇಟು ಹಿಡಿದಿರುತ್ತಾರೆ, ಅದರ ಮೇಲೆ ಅವರ ಹೆಸರು, ಕೆಳಗೆ 'ಹೆಬ್ಬೆಟ್ಟಿನಿಂದ ರುಜುವಿಗೆ' ಅಂತ ಒಂದು ಸಾಲು. ಆ ಅಜ್ಜಿಯ ಖುಷಿ ನಿಜ. ಆದರೆ ಕಲಿಸುವುದನ್ನು ನಾವು ಅಲ್ಲಿಗೇ ನಿಲ್ಲಿಸಿದರೆ ಅವರಿಗೆ ಮಾಡುವುದು ಉಪಕಾರ ಅಲ್ಲ, ಅಪಾಯ. ಇದನ್ನೇ ಇವತ್ತು ಬಿಡಿಸಿ ಹೇಳುತ್ತೇನೆ.

ಹೆಬ್ಬೆಟ್ಟು ಒತ್ತುವವರ ಮುಂದೆ ಕಾಗದ ಇಟ್ಟಾಗ ಅದನ್ನು ಓದಿ ಹೇಳಬೇಕು, ಪಕ್ಕದಲ್ಲಿ ಒಬ್ಬ ಸಾಕ್ಷಿ ಇರಬೇಕು ಅನ್ನುವ ವಾಡಿಕೆ ಇದೆ. ಎಲ್ಲ ಕಡೆ ಪಾಲಿಸುತ್ತಾರೆ ಅಂತಲ್ಲ, ಆದರೂ ಕೇಳುವುದಕ್ಕೆ ಒಂದು ದಾರಿ ಇದೆ. ಅದೇ ಹೆಂಗಸು ರುಜು ಹಾಕಿದಳೋ, ಮುಗಿಯಿತು. ಓದಿಕೊಂಡೇ ಹಾಕಿದ್ದಾಳೆ ಅಂತ ಲೆಕ್ಕ. ಸಂಘದ ಸಾಲದ ಫಾರಂ ಇರಲಿ, ಪಂಚಾಯಿತಿ ಸಭೆಯ ನಡಾವಳಿ ಇರಲಿ, 'ಇಲ್ಲೊಂದು, ಇಲ್ಲೊಂದು' ಅಂತ ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಬೀಳುತ್ತದೆ. ಆಮೇಲೆ ಜಗಳ ಬಂದರೆ ಹೊಣೆಯೆಲ್ಲ ಆಕೆಯ ತಲೆಗೇ. ಕಿರುಸಾಲದ ಕಂಪನಿಗಳ ಕಿರುಕುಳ ತಡೆಯುವುದಕ್ಕೆ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆ ಸಾಲಗಳ ಕಾಗದಕ್ಕೆ ಸಹಿ ಹಾಕಿದ ಎಷ್ಟು ಜನ ಅದರಲ್ಲಿ ಏನಿದೆ ಅಂತ ಓದಿ ಹಾಕಿದ್ದರು? ಈ ಪ್ರಶ್ನೆಯನ್ನು ಯಾಕೋ ಯಾರೂ ಜೋರಾಗಿ ಕೇಳುತ್ತಿಲ್ಲ.

ಇನ್ನೊಂದು ವಿಷಯ. ಕಲಿಯುವುದಕ್ಕೆ ಶುರು ಮಾಡಿದವರಿಗೆ ಅವರ ಹೆಸರೇ ಬಲು ಕಷ್ಟದ ಪದ. ಲಕ್ಷ್ಮಮ್ಮ ಅನ್ನುವ ಹೆಸರನ್ನೇ ನೋಡಿ. ಮೊದಲು ಲ, ಆಮೇಲೆ ಕ, ಅದಕ್ಕೆ ಷ ಒತ್ತು, ಅದರ ಕೆಳಗೆ ಮತ್ತೊಂದು ಮ ಒತ್ತು, ಕೊನೆಗೆ ಮಕಾರಕ್ಕೆ ಮ ಒತ್ತು. ಮಕ್ಕಳಿಗಾದರೆ ಕಾಗುಣಿತ ಎಲ್ಲ ಮುಗಿದ ಮೇಲೆ ಒತ್ತಕ್ಷರಕ್ಕೆ ಬರುತ್ತೇವೆ. ದೊಡ್ಡವರಿಗೆ ಮೊದಲ ವಾರವೇ ಇದನ್ನು ಕೊಟ್ಟುಬಿಡುತ್ತೇವೆ, ಅವರು ರಂಗೋಲಿ ಎಳೆದ ಹಾಗೆ ಅದನ್ನು ಎಳೆಯುತ್ತಾರೆ. ಪಕ್ಕದಲ್ಲಿ 'ಕಮಲ' ಅಂತ ಬರೆದು ಓದಿ ಅನ್ನಿ. ಮೂರೂ ಅಕ್ಷರ ಅವರ ಹೆಸರಿನಲ್ಲೇ ಇವೆ, ಆದರೂ ಓದಲು ಬರುವುದಿಲ್ಲ. ಯಾಕೆಂದರೆ ಅವರು ಕಲಿತದ್ದು ಅಕ್ಷರ ಅಲ್ಲ, ಚಿತ್ರ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ನಮ್ಮ ಸರ್ಕಾರಿ ಶಾಲೆಗಳಲ್ಲಿ ಅಆಇಈ ಬದಲು ರ ಗ ಸ ದ ಅ ಅಂತ ಶುರು ಮಾಡುವುದು ನಿಮಗೆ ಗೊತ್ತಿರಬಹುದು. ಬರೆಯಲು ಸುಲಭ, ಐದು ಅಕ್ಷರ ಬಂದ ಕೂಡಲೇ ಸರ, ದರ, ಅರಸ ಅಂತ ಪದಗಳನ್ನೇ ಓದಬಹುದು. ಒಳ್ಳೆಯ ದಾರಿ. ಆದರೆ ನಲವತ್ತೈದು ವರ್ಷದ ಹೆಂಗಸಿಗೆ ಅರಸನಿಂದ ಏನಾಗಬೇಕು? ಆಕೆಗೆ 'ಸಾಲ' ಅಂತ ಬರೆದು ತೋರಿಸಿ. ಸ, ಲ ಎರಡೇ ಅಕ್ಷರ. ಇವೆರಡರ ಕಾಗುಣಿತ ತಿದ್ದಿಸಿದರೆ ಸಾಲ, ಸಾಲು, ಸಲ, ಸೋಲು ಎಲ್ಲ ಬರುತ್ತವೆ, ಉತ್ತರ ಕರ್ನಾಟಕದವರಿಗೆ ಸಾಲಿ, ಅಂದರೆ ಶಾಲೆ, ಕೂಡ ಬರುತ್ತದೆ. ಸಾಲಸೋಲ ಅಂತ ಆಕೆಯೇ ಕೂಡಿಸಿ ಓದುತ್ತಾಳೆ. ಆಮೇಲೆ ಬಾಕಿ, ಕಂತು, ಕೂಲಿ, ಹಣ. ಬಡ್ಡಿಗೆ ಬರುವ ಹೊತ್ತಿಗೆ ಒತ್ತಕ್ಷರ ಯಾಕೆ ಬೇಕು ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದೇನು ನನ್ನ ತಲೆಯಿಂದ ಹೊಳೆದದ್ದಲ್ಲ. ಬ್ರೆಜಿಲ್‌ನ ಶಿಕ್ಷಣತಜ್ಞ ಪಾವ್ಲೊ ಫ್ರೇರೆ 1963ರಲ್ಲಿ ಅಂಜಿಕೋಸ್ ಅನ್ನುವ ಊರಲ್ಲಿ ಸುಮಾರು 300 ದುಡಿಯುವ ಜನರಿಗೆ, ಅವರ ಬದುಕಿನ ಪದಗಳಿಂದಲೇ, 40 ಗಂಟೆಗಳಲ್ಲಿ ಓದು ಬರಹ ಕಲಿಸಿ ತೋರಿಸಿದರು. ಮರುವರ್ಷ ಸೈನ್ಯ ಅಧಿಕಾರ ಹಿಡಿದಾಗ ಅವರನ್ನು ಜೈಲಿಗೆ ಹಾಕಿತು. ಅಷ್ಟು ದೂರ ಬೇಡ, ಪಕ್ಕದ ಆಂಧ್ರದ ನೆಲ್ಲೂರು ಜಿಲ್ಲೆಯನ್ನೇ ನೋಡಿ. 1990ರ ದಶಕದ ಶುರುವಿನಲ್ಲಿ ಅಲ್ಲಿನ ಸಾಕ್ಷರತಾ ಪಾಠದಲ್ಲಿ ಹೆಂಗಸರು ಸೇರಿ ಸಾರಾಯಿ ಅಂಗಡಿ ಮುಚ್ಚಿಸುವ ಕತೆ ಇತ್ತು. ರಾತ್ರಿ ತರಗತಿಯಲ್ಲಿ ಅದನ್ನು ಓದಿದ ಹೆಂಗಸರು ತಮ್ಮೂರಲ್ಲೂ ಸಾರಾಯಿ ವಿರುದ್ಧ ನಿಂತರು, ಊರಿಂದೂರಿಗೆ ಹಬ್ಬಿತು, 1993ರಲ್ಲಿ ಆಂಧ್ರ ಸರ್ಕಾರ ಸಾರಾಯಿ ನಿಷೇಧಿಸಬೇಕಾಯಿತು.

ನಮ್ಮಲ್ಲಿ ಏನಾಗುತ್ತಿದೆ? 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇಕಡ 75ರ ಮೇಲಿತ್ತು, ಯಾದಗಿರಿಯಲ್ಲಿ ಸುಮಾರು 52. ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರೇ ಸಾಕ್ಷರರು ಅನ್ನುತ್ತದೆ ಗಣತಿಯ ನಿಯಮ. ಮನೆಬಾಗಿಲಲ್ಲಿ ನಡೆಯುವುದೋ, ಮನೆಯವರು ಹೇಳಿದ್ದನ್ನು ಬರೆದುಕೊಳ್ಳುವುದೇ ಜಾಸ್ತಿ. 2009ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಾಕ್ಷರ ಭಾರತ ಯೋಜನೆಯಲ್ಲಿ, ಊರಿನ ಕಲಿಕಾ ಕೇಂದ್ರ ನಡೆಸುವ ಪ್ರೇರಕರಿಗೆ ತಿಂಗಳಿಗೆ 2,000 ರೂಪಾಯಿ ಗೌರವಧನವಾದರೂ ಇತ್ತು. 2018ರಲ್ಲಿ ಅದೂ ನಿಂತಿತು. ದೊಡ್ಡವರಿಗೆ ಓದು ಬರಹ ಕಲಿಸುವ ಈಗಿನ ಉಲ್ಲಾಸ್ ಯೋಜನೆ ಸ್ವಯಂಸೇವಕರ ಮೇಲೆ ನಿಂತಿದೆ. ಸೇವೆ ಮಾಡುವವರಿಗೆ ಕೈ ಮುಗಿಯುತ್ತೇನೆ. ಆದರೆ ರಾತ್ರಿ ಏಳೂವರೆಗೆ, ಅಡುಗೆ ಮುಗಿಸಿ ಸುಸ್ತಾಗಿ ಬಂದವರನ್ನು ಎದುರಿಗೆ ಕೂರಿಸಿಕೊಂಡು ತಿಂಗಳುಗಟ್ಟಲೆ ಕಲಿಸುವುದು ಕೆಲಸ ಕಣ್ರೀ, ಕೆಲಸಕ್ಕೆ ಸಂಬಳ ಕೊಡಬೇಕು.

ಸಣ್ಣ ವಿಷಯ ಅಂತ ಬಿಟ್ಟುಬಿಡುವುದೂ ಇದೆ. 'ಅವರ ತಲೆಗೆ ಹತ್ತುವುದಿಲ್ಲ' ಅಂತ ಬಹಳ ಜನ ಅನ್ನುತ್ತಾರೆ. ಎಷ್ಟೋ ಸಲ ಕಾಣುವುದೇ ಇಲ್ಲ, ಸ್ವಾಮಿ. ನಲವತ್ತು ದಾಟಿದವರಿಗೆ ಹತ್ತಿರದ್ದು ಮಬ್ಬಾಗುತ್ತದೆ, ದ ಯಾವುದು, ಧ ಯಾವುದು ಅಂತ ಮಂದ ಬಲ್ಬಿನ ಬೆಳಕಲ್ಲಿ ಹೇಗೆ ಗೊತ್ತಾಗಬೇಕು? ಸ್ಲೇಟು ಕೊಡುವ ಮುಂಚೆ ಒಂದು ಚಾಳೀಸು ಕನ್ನಡಕ ಕೊಡಿ. ಮತ್ತೆ ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಹೊರಟವರು ಅರ್ಧ ಕಲಿತು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಂದುಬಿಡುತ್ತಾರೆ. ತರಗತಿಯೂ ಅವರ ಜೊತೆ ಅವರು ಉಳಿಯುವ ಶೆಡ್‌ಗಳಿಗೆ ಬರಬೇಕು.

ಪಠ್ಯಪುಸ್ತಕ ಇಲ್ಲ ಅಂತ ಕಾಯುವುದೂ ಬೇಡ. ಕಿರುಸಾಲದ ಕಾರ್ಡು ಸಾಲ ಪಡೆದವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಕನ್ನಡದ ಕಾರ್ಡು ಕೇಳಿ ತರಿಸಿ, ಅದನ್ನೇ ಪಾಠ ಮಾಡಿ: ಪಡೆದದ್ದು ಎಷ್ಟು, ಬಡ್ಡಿ ಎಷ್ಟು, ಕಟ್ಟಿದ್ದು ಎಷ್ಟು, ಬಾಕಿ ಎಷ್ಟು. ನಿಮ್ಮ ಪರಿಚಯದವರು ಯಾರಾದರೂ ಫೋನ್ ಚಾಚಿ 'ಗೃಹಲಕ್ಷ್ಮಿ ದುಡ್ಡು ಬಂತಾ ನೋಡಪ್ಪ' ಅಂದರೆ, ಸುಮ್ನೆ 'ಬಂದಿದೆ' ಅಂತ ವಾಪಸ್ ಕೊಡಬೇಡಿ. 2000 ಅನ್ನುವ ಅಂಕಿ ಎಲ್ಲಿದೆ, ತಾರೀಕು ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ. ಮುಂದಿನ ತಿಂಗಳು ಮೊದಲು ಅವರೇ ಹುಡುಕಲಿ, ಆಮೇಲೆ ನೀವು ನೋಡಿ.

ಉಲ್ಲಾಸ್ ನಡೆಸುವ ಅಧಿಕಾರಿಗಳು ಯಾರಾದರೂ ಇದನ್ನು ಕೇಳುತ್ತಿದ್ದರೆ, ಒಂದೇ ಕೋರಿಕೆ. ಪರೀಕ್ಷೆಯ ದಿನ ಕಲಿತವರ ಮುಂದೆ ಅವರು ಹಿಂದೆ ಯಾವತ್ತೂ ನೋಡಿರದ ಒಂದು ಸಾಲದ ಫಾರಂ ಇಡಿ. 'ಇದಕ್ಕೆ ರುಜು ಹಾಕುತ್ತೀರಾ, ಇಲ್ಲವಾ? ಯಾಕೆ?' ಅಂತ ಕೇಳಿ. ಆ ಉತ್ತರಕ್ಕೆ ಅಂಕ ಕೊಡಿ.