ಪಕ್ಕದ ಅಂಗಡಿ ಖಾಲಿ ಇದ್ದರೂ

ಕೇಳುಗರಿಗೆ ನಮಸ್ಕಾರ.

ತೊಗರಿ ಸುಗ್ಗಿಯಲ್ಲಿ ನಮ್ಮ ಕಲಬುರಗಿಯ ನೆಹರೂ ಗಂಜ್‌ಗೆ ಹೋಗಿದ್ದೀರಾ? ಆಳಂದ, ಜೇವರ್ಗಿ, ಚಿತ್ತಾಪುರದ ಕಡೆಯಿಂದ ಚೀಲ ಬಂದು ಬೀಳುತ್ತಲೇ ಇರುತ್ತವೆ. ಯಾವ ಹಮಾಲ ಖಾಲಿ ನಿಂತಿದ್ದಾನೋ ಅವನ ಬೆನ್ನಿಗೆ ಚೀಲ. ಯಾವುದು ಮೊದಲು ಒಳಗೆ ಹೋದರೇನು, ಎಲ್ಲಾ ತೊಗರಿಯೇ ಅಲ್ವಾ?

ಕಂಪ್ಯೂಟರ್‌ಗೆ ಬರುವ ಸರಕು ಹಾಗಲ್ಲ, ಅದರ ಪಾಳಿ ತಪ್ಪಬಾರದು. ನೀವು ತೆರೆದ ಒಂದು ಫೋಟೋ ತುಂಡು ತುಂಡಾಗಿ ಬರುತ್ತದೆ. ಒಂದೊಂದು ತುಂಡು ಒಂದು ಪ್ಯಾಕೆಟ್, ಸಾಮಾನ್ಯವಾಗಿ 1500 ಬೈಟ್ ಒಳಗೆ. ನೆಟ್‌ವರ್ಕ್ ಕಾರ್ಡ್ ಅವನ್ನು ಮೆಮೊರಿಯಲ್ಲಿ ಇಳಿಸಿ 'ಸರಕು ಬಂತು' ಎಂದು ಪ್ರೊಸೆಸರನ್ನು ಕೂಗುತ್ತದೆ. ಪ್ರತಿ ಚೀಲಕ್ಕೂ ಕೂಗಿದರೆ ಓಗೊಡುವುದರಲ್ಲೇ ದಿನ ಮುಗಿಯುತ್ತದೆ. ಅದಕ್ಕೇ ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಒಂದು ಕೂಗಿಗೆ ಎದ್ದು, ಕಾರ್ಡಿನ ಬಾಯಿ ಮುಚ್ಚಿಸಿ, ಒಂದು ಸಲಕ್ಕೆ ಸಾಮಾನ್ಯವಾಗಿ 64 ಪ್ಯಾಕೆಟ್‌ವರೆಗೆ ತಾನೇ ಎತ್ತಿಕೊಳ್ಳುತ್ತದೆ.

ಈಗ ಪ್ರೊಸೆಸರ್‌ನಲ್ಲಿ ಎಂಟು ಕೋರ್, ಅಂದರೆ ಬೇರೆ ಬೇರೆಯಾಗಿ ಕೆಲಸ ಮಾಡುವ ಎಂಟು ಭಾಗ, ಇವೆ ಅನ್ನಿ. ಖಾಲಿ ಇದ್ದ ಕೋರ್‌ಗೆ ಪ್ಯಾಕೆಟ್ ಕೊಟ್ಟರಾಯಿತು ಅಂತ ನಾನೂ ಅಂದುಕೊಂಡಿದ್ದೆ. ಹಾಗೆ ಕೊಟ್ಟರೆ 5ನೆಯ ಪ್ಯಾಕೆಟ್ ಒಂದು ಕೋರ್‌ನಲ್ಲಿ ಸಿಕ್ಕಿಬೀಳುತ್ತದೆ. 6, 7, 8 ಬೇರೆ ಕೋರ್‌ಗಳಿಂದ ಮುಂದೆ ಓಡುತ್ತವೆ. ಅವು ಬಂದಾಗಲೆಲ್ಲ, ಪ್ಯಾಕೆಟ್‌ಗಳ ಪಾಳಿ ನೋಡಿಕೊಳ್ಳುವ ಟಿಸಿಪಿ ಎಂಬ ವ್ಯವಸ್ಥೆ 'ನನಗೆ 5 ಬೇಕು' ಎಂದು ಆಚೆ ಕಡೆಗೆ ಹೇಳಿ ಕಳಿಸುತ್ತದೆ. ಒಂದೇ ಮಾತು ಮೂರು ಸಲ ಮರಳಿ ಬಂದರೆ, ಹಳೆಯ ಲೆಕ್ಕದಲ್ಲಿ, ಪ್ಯಾಕೆಟ್ ಕಳೆದುಹೋಯಿತು ಎಂದೇ ಅರ್ಥ. ಕಳಿಸುವವನು 5ನ್ನು ಮತ್ತೆ ಕಳಿಸುತ್ತಾನೆ, ದಾರಿಯಲ್ಲಿ ದಟ್ಟಣೆ ಇದೆ ಎಂದು ವೇಗವನ್ನೂ ಇಳಿಸುತ್ತಾನೆ. ಕಳೆದದ್ದು ಏನೂ ಇಲ್ಲ! ನಮ್ಮ ಮನೆಯೊಳಗೇ ಪಾಳಿ ತಪ್ಪಿತ್ತು, ಅಷ್ಟೇ.

ಇದಕ್ಕೆ ಉಪಾಯವೂ ಗಂಜ್‌ನಲ್ಲೇ ಇದೆ. ಪಕ್ಕದ ಅಂಗಡಿ ಖಾಲಿ ಇದ್ದರೂ ರೈತ ತನ್ನ ಲೆಕ್ಕದ ಪುಸ್ತಕ ಇರುವ ದಲಾಲಿ ಅಂಗಡಿಗೇ ಹೋಗುತ್ತಾನೆ. ಹಾಗೆಯೇ ಎರಡೂ ಕಡೆಯ ವಿಳಾಸ, ಸರಕು ಯಾವ ಆ್ಯಪ್‌ಗೆ ಸೇರಿದ್ದು ಎಂದು ಗುರುತಿಸುವ ಪೋರ್ಟ್ ಸಂಖ್ಯೆ ಸೇರಿಸಿ ಗುಣಾಕಾರ ಮಾಡಿದಂತೆ ಒಂದು ಅಂಕಿ ತೆಗೆಯುತ್ತಾರೆ. ಅದು ಯಾವ ಕೋರ್ ತೋರಿಸುತ್ತದೋ ಆ ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಅಲ್ಲಿಗೇ. ಪ್ಯಾಕೆಟ್ ನಿಲ್ಲಲು ಹಲವು ಸಾಲುಗಳಿರುವ ನೆಟ್‌ವರ್ಕ್ ಕಾರ್ಡ್‌ಗಳು ಇದನ್ನು ತಾವೇ ಮಾಡುತ್ತವೆ. ಇಲ್ಲದ ಕಾರ್ಡ್‌ಗಳಿಗಾಗಿ 2010ರಲ್ಲಿ, 2.6.35ರ ಆವೃತ್ತಿಯಲ್ಲಿ, ಲಿನಕ್ಸ್ ಈ ಕೆಲಸವನ್ನು ತಾನೇ ವಹಿಸಿಕೊಂಡಿತು.

ಬೆಲೆಯೂ ತೆರಬೇಕು. ಒಂದೇ ದೊಡ್ಡ ಡೌನ್‌ಲೋಡ್ ಹಚ್ಚಿದರೆ ಒಂದು ಕೋರ್ ಬೆವರುತ್ತದೆ, ಉಳಿದ ಏಳು ಸುಮ್ನೆ ಕೂರುತ್ತವೆ. ನೋಡಿದವರಿಗೆ ಹೊಟ್ಟೆ ಉರಿಯುತ್ತದೆ. ಆದರೂ ನನಗೆ ಇದೇ ಸರಿ ಅನ್ನಿಸುತ್ತದೆ.

ನೀವು ನನ್ನ ಮಾತನ್ನು ರೇಡಿಯೊದಲ್ಲಿ ಕೇಳುತ್ತಿದ್ದರೆ ಈ ತಕರಾರೇ ಇಲ್ಲ, ಅಲೆ ಹೊರಟ ಹಾಗೇ ಬರುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಕೇಳುತ್ತಿದ್ದರೆ ಈ 'ನಮಸ್ಕಾರ' ಕೂಡ ಪ್ಯಾಕೆಟ್ ಆಗಿ ನಿಮ್ಮ ಕೈಯಲ್ಲಿ ಪಾಳಿ ಹಚ್ಚಿ ನಿಂತಿದೆ. ಬರುತ್ತೇನೆ.