ದಾರ ಕಟ್ಟದ ಪೊಟ್ಟಣ

ಕೇಳುಗರಿಗೆ ನಮಸ್ಕಾರ.

ನಮ್ಮಪ್ಪನದು ಅರಸೀಕೆರೆಯಲ್ಲಿ ಒಂದು ದಿನಸಿ ಅಂಗಡಿ. ಗಲ್ಲಾಪೆಟ್ಟಿಗೆಯ ನೆತ್ತಿಯ ಮೇಲೆ, ತೊಲೆಯಿಂದ ಒಂದು ದಾರದ ಉಂಡೆ ಇಳಿಬಿದ್ದಿರುತ್ತಿತ್ತು. ಯಾರಾದರೂ ಬಂದು ಕಾಲು ಕೆ.ಜಿ. ಸಕ್ಕರೆ ಕೊಡಿ ಅಂದರೆ, ಅಪ್ಪ ತಕ್ಕಡಿಯಿಂದ ಸಕ್ಕರೆಯನ್ನು ಹಳೇ ಪೇಪರಿನ ಹಾಳೆಗೆ ಸುರಿದು, ಅಂಚು ಕೂಡಿಸಿ ಮಡಿಸಿ, ಎರಡೂ ತುದಿ ಒಳಕ್ಕೆ ತುರುಕಿ, ಮೇಲಿನಿಂದ ದಾರ ಎಳೆದು ಉದ್ದಕ್ಕೊಂದು ಸುತ್ತು, ಅಡ್ಡಕ್ಕೊಂದು ಸುತ್ತು ಹಾಕಿ, ಬೆರಳಿಗೆ ಸಿಕ್ಕಿಸಿ ಪಟ್ಟನೆ ಹರಿಯುತ್ತಿದ್ದರು. ಹತ್ತು ಎಣಿಸುವಷ್ಟರಲ್ಲಿ ಪೊಟ್ಟಣ ಗಿರಾಕಿಯ ಚೀಲದಲ್ಲಿ. ಆ ಕೈಚಳಕ ಕಲಿಯಲು ನನಗೆ ಎರಡು ಬೇಸಿಗೆ ರಜೆ ಹಿಡಿಯಿತು.

1985ರಲ್ಲಿ ನಮ್ಮ ದೇಶದಲ್ಲಿ ಫ್ರೂಟಿ ಎಂಬ ಮಾವಿನ ಪಾನೀಯ ಬಂತು. ಅದು ನಮ್ಮ ಅಂಗಡಿಗೂ ಬಂದ ದಿನ, ಅಪ್ಪ ಆ ಪುಟ್ಟ ಹಸಿರು ಡಬ್ಬಿಯನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. "ಒಳಗೆ ರಸ ಇದೆ, ಹೊರಗೆ ಕಾಗದ ನೆಂದಿಲ್ಲ. ದಾರಾನೂ ಕಟ್ಟಿಲ್ಲ. ಇದನ್ನ ಕಟ್ಟಿದವರ ಕೈ ನೋಡಬೇಕು ಕಣಮ್ಮ" ಅಂದರು.

ಆ ಕೈ ಯಾರದು ಅನ್ನುವುದನ್ನು ಹುಡುಕಿಕೊಂಡು ಹೋದರೆ ನಾವು ಮುಟ್ಟುವುದು ಸ್ವೀಡನ್ ದೇಶದ ಒಂದು ಮನೆತನವನ್ನು. ಇವತ್ತಿನ ನನ್ನ ಮಾತು ಆ ಮನೆತನದ ಬಗ್ಗೆ, ಅವರು ಕಟ್ಟಿದ ಟೆಟ್ರಾ ಪ್ಯಾಕ್ ಕಂಪನಿಯ ಬಗ್ಗೆ.

ರೂಬೆನ್ ಆಂಡರ್ಸನ್ ಹುಟ್ಟಿದ್ದು 1895ರಲ್ಲಿ, ದಕ್ಷಿಣ ಸ್ವೀಡನ್ನಿನ ಹೆಲ್ಸಿಂಗ್‌ಬೋರ್ಗ್ ಪಕ್ಕದ ರೌಸ್ ಎಂಬಲ್ಲಿ. ತಂದೆ ಬಣ್ಣ ಬಳಿಯುವ ಕಸುಬಿನವರು. ಆಂಡರ್ಸನ್ ಎಂಬ ಹೆಸರು ಆ ದೇಶದಲ್ಲಿ ಬೀದಿಗೆ ಹತ್ತು ಸಿಗುತ್ತದೆ. ಹಾಗಾಗಿ ಹುಡುಗನಿಗೆ ಊರಿನ ಹೆಸರೇ ಅಂಟಿಕೊಂಡು ರೌಸಿಂಗ್ ಆದ. ನಮ್ಮ ಕಡೆ ಊರ ಹೆಸರು ಮನುಷ್ಯನ ಹೆಸರಿನ ಮುಂದೆ ಬಂದು ಕೂತ ಹಾಗೆ.

ಸ್ಟಾಕ್‌ಹೋಮ್‌ನಲ್ಲಿ ವಾಣಿಜ್ಯ ಓದಿ, ಮುಂದಿನ ಓದಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ ರೂಬೆನ್, ಅಲ್ಲಿ ಓದಿದ್ದಕ್ಕಿಂತ ಹೆಚ್ಚಾಗಿ ಅಂಗಡಿಗಳನ್ನು ನೋಡಿ ಕಲಿತರು ಅನ್ನಬೇಕು. 1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದಿತ್ತು. ಅಲ್ಲಿ ಗಿರಾಕಿಯೇ ಒಳಗೆ ನಡೆದು, ಕಪಾಟಿನಿಂದ ಬೇಕಾದ್ದನ್ನು ತೆಗೆದುಕೊಂಡು, ಬಾಗಿಲ ಬಳಿ ದುಡ್ಡು ಕೊಟ್ಟು ಹೋಗಬೇಕು. ಅಂಥ ಅಂಗಡಿಗಳು ಹಬ್ಬತೊಡಗಿದ್ದ ಕಾಲ ಅದು. ಗಲ್ಲಾಪೆಟ್ಟಿಗೆಯ ಹಿಂದೆ ಹುಟ್ಟಿ ಬೆಳೆದ ನನಗೆ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಗೊತ್ತು. ನಮ್ಮಂಥ ಅಂಗಡಿಯಲ್ಲಿ ಸಾಮಾನನ್ನು ತೋರಿಸುವವನು, ಹೊಗಳುವವನು, ತೂಗುವವನು, ಕಟ್ಟುವವನು ಎಲ್ಲ ಅಂಗಡಿಯವನೇ. ಗಿರಾಕಿಯೇ ಕೈಹಾಕಿ ತೆಗೆದುಕೊಳ್ಳುವ ಅಂಗಡಿಯಲ್ಲಿ ಈ ನಾಲ್ಕೂ ಕೆಲಸ ಪೊಟ್ಟಣದ ಮೇಲೆ ಬೀಳುತ್ತವೆ. ಅದು ಕಪಾಟಿನಲ್ಲಿ ನೆಟ್ಟಗೆ ನಿಲ್ಲಬೇಕು. ತೂಕ, ಬೆಲೆ ತಾನೇ ಹೇಳಬೇಕು. ದೂರದಿಂದ ಕಣ್ಣಿಗೆ ಬಿದ್ದು ಕರೆಯಬೇಕು. ಇಂಥ ಅಂಗಡಿಗಳು ಯುರೋಪಿಗೂ ಬಂದೇ ಬರುತ್ತವೆ, ಬಂದಾಗ ಪೊಟ್ಟಣ ಮಾಡುವವನಿಗೆ ಕೈತುಂಬ ಕೆಲಸ ಅಂತ ರೂಬೆನ್‌ಗೆ ಆಗಲೇ ಅನ್ನಿಸಿತು.

1929ರಲ್ಲಿ ಎರಿಕ್ ಓಕರ್ಲುಂಡ್ ಎಂಬುವರ ಜೊತೆ ಪಾಲುದಾರಿಕೆಯಲ್ಲಿ ಓಕರ್ಲುಂಡ್ ಅಂಡ್ ರೌಸಿಂಗ್ ಎಂಬ ಕಂಪನಿ ಶುರುವಾಯಿತು. ಹಿಟ್ಟು, ಸಕ್ಕರೆ, ಉಪ್ಪು ಮೂಟೆಯಿಂದ ತೂಗಿ ಕೊಡುತ್ತಿದ್ದ ಕಾಲದಲ್ಲಿ ಅವಕ್ಕೆ ಕಾರ್ಖಾನೆಯಲ್ಲೇ ಕಾಗದದ ಚೀಲ ಮಾಡಿಕೊಡುವ ಕೆಲಸ. ಮೊದಮೊದಲು ಲಾಭ ಕಾಣಲಿಲ್ಲ. 1933ರಲ್ಲಿ ಪಾಲುದಾರರು ಹೊರಗೆ ಹೋದರು, ರೂಬೆನ್ ಒಬ್ಬರೇ ಉಳಿದರು. ನಿಧಾನಕ್ಕೆ ವ್ಯಾಪಾರ ಕುದುರಿತು.

ಆದರೆ ಅವರ ಮನಸ್ಸು ಹಾಲಿನ ಮೇಲಿತ್ತು. ಹಾಲು ಆಗ ಗಾಜಿನ ಬಾಟಲಿಯಲ್ಲೋ ಕ್ಯಾನಿನಿಂದ ಅಳೆದೋ ಮಾರಾಟವಾಗುತ್ತಿತ್ತು. ಬಾಟಲಿ ಅಂದರೆ ಭಾರ, ಒಡೆಯುವ ಭಯ, ಖಾಲಿ ಬಾಟಲಿ ವಾಪಸು ತರುವ ಖರ್ಚು, ತೊಳೆಯುವ ಖರ್ಚು. ಪೊಟ್ಟಣ ತನಗೆ ತಗುಲಿದ ಖರ್ಚಿಗಿಂತ ಹೆಚ್ಚು ಉಳಿಸಿಕೊಡಬೇಕು ಎಂಬುದು ರೂಬೆನ್ ಸದಾ ಹೇಳುತ್ತಿದ್ದ ಮಾತು. ಹಾಲಿಗೆ ಅಂಥ ಪೊಟ್ಟಣ ಬೇಕಿತ್ತು, ಅದೂ ಅತಿ ಕಡಿಮೆ ಕಾಗದದಲ್ಲಿ.

1944ರಲ್ಲಿ ಪ್ರಯೋಗಶಾಲೆಯ ಎರಿಕ್ ವಾಲೆನ್‌ಬೆರ್ಗ್ ಎಂಬ ಯುವಕನಿಗೆ ಒಂದು ಆಕಾರ ಹೊಳೆಯಿತು. ಅದನ್ನು ನೀವು ಈಗಲೇ ಮಾಡಿ ನೋಡಬಹುದು. ಒಂದು ನೋಟ್‌ಬುಕ್ ಹಾಳೆ ತೆಗೆದುಕೊಳ್ಳಿ. ಕೊಳವೆಯಂತೆ ಸುತ್ತಿ ಅಂಚು ಅಂಟಿಸಿ. ಕೆಳಗಿನ ಬಾಯನ್ನು ಎಡಬಲವಾಗಿ ಚಪ್ಪಟೆ ಒತ್ತಿ. ಈಗ ಮೇಲಿನ ಬಾಯನ್ನು ಅದಕ್ಕೆ ಅಡ್ಡಲಾಗಿ, ಅಂದರೆ ಹಿಂದೆ ಮುಂದೆ ಒತ್ತಿ. ನಿಮ್ಮ ಕೈಯಲ್ಲಿ ನಾಲ್ಕು ಮೂಲೆ, ನಾಲ್ಕು ತ್ರಿಕೋನ ಮುಖಗಳ ಒಂದು ಪೊಟ್ಟಣ ಇರುತ್ತದೆ. ಕತ್ತರಿಸಿ ಬಿಸಾಡುವ ಚೂರೇ ಇಲ್ಲ. ಈ ಆಕಾರಕ್ಕೆ ಜ್ಯಾಮಿತಿಯಲ್ಲಿ ಟೆಟ್ರಾಹೆಡ್ರನ್ ಅನ್ನುತ್ತಾರೆ. ಕಂಪನಿಯ ಹೆಸರಿನಲ್ಲಿರುವ ಟೆಟ್ರಾ ಅಲ್ಲಿಂದ ಬಂದದ್ದು.

ಆಕಾರ ಸಿಕ್ಕಿತು. ಹಾಲು ತುಂಬುವುದು ಹೇಗೆ? ಒಂದೊಂದನ್ನೇ ಮಾಡಿ, ತುಂಬಿ, ಮುಚ್ಚುತ್ತ ಹೋದರೆ ಮೇಲ್ಭಾಗದಲ್ಲಿ ಗಾಳಿ ಉಳಿಯುತ್ತದೆ, ನೊರೆ ಏಳುತ್ತದೆ, ಕೆಲಸವೂ ಸಾಗುವುದಿಲ್ಲ. ಇದಕ್ಕೆ ದಾರಿ ತೋರಿಸಿದ್ದು ರೂಬೆನ್ ಅವರ ಹೆಂಡತಿ ಎಲಿಸಬೆತ್. ಆ ದೇಶದ ಅಡುಗೆಮನೆಗಳಲ್ಲಿ ಸಾಸೇಜ್ ಮಾಡುವಾಗ ಉದ್ದನೆಯ ಕೊಳವೆಗೆ ಹೂರಣವನ್ನು ಎಡೆಬಿಡದೆ ತುಂಬುತ್ತ, ನಡುನಡುವೆ ಹಿಸುಕಿ ಕಟ್ಟುತ್ತ ಹೋಗುತ್ತಾರೆ. ಕಾಗದದ ಕೊಳವೆಗೂ ಹಾಗೇ ಹಾಲು ಬಿಡುತ್ತ, ಹಾಲಿನ ನಡುವೆಯೇ ಒತ್ತಿ ಬೆಸೆಯಬಾರದೇಕೆ ಅಂತ ಆಕೆ ಕೇಳಿದರು. ಬಿಸಿ ದವಡೆಗಳ ನಡುವೆ ಹಾಲು ಸೀದು ವಾಸನೆ ಬರುತ್ತದೆ ಅಂದರು ರೂಬೆನ್. ಮಾಡಿ ನೋಡಿದ್ದೀರಾ ಅಂತ ಆಕೆ ತಿರುಗಿ ಕೇಳಿದರು. ಮಾಡಿ ನೋಡಿದರೆ ಹಾಲು ಕೆಡಲಿಲ್ಲ.

ನನಗೆ ಈ ಇಡೀ ಕಥೆಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳದ್ದು ಈ ಪ್ರಶ್ನೆ. ಎಲಿಸಬೆತ್ 1946ರಲ್ಲಿ ತೀರಿಕೊಂಡರು. ತಮ್ಮ ಮಾತಿನಿಂದ ಹುಟ್ಟಿದ ಯಂತ್ರವನ್ನು ನೋಡುವ ಭಾಗ್ಯ ಆಕೆಗೆ ಇರಲಿಲ್ಲ.

ಕಾಗದಕ್ಕೆ ಪ್ಲಾಸ್ಟಿಕ್ಕಿನ ತೆಳು ಲೇಪ ಕೂರಿಸುವುದು, ಸೋರದಂತೆ ಬೆಸೆಯುವುದು, ಯಂತ್ರವನ್ನು ಎಡೆಬಿಡದೆ ಓಡಿಸುವುದು, ಇವಕ್ಕೆ ವರ್ಷಗಳೇ ಹಿಡಿದವು. 1951ರಲ್ಲಿ ಲುಂಡ್ ಪಟ್ಟಣದಲ್ಲಿ ಟೆಟ್ರಾ ಪ್ಯಾಕ್ ಪ್ರತ್ಯೇಕ ಕಂಪನಿಯಾಯಿತು. 1952ರಲ್ಲಿ ಮೊದಲ ಯಂತ್ರ ಅದೇ ಊರಿನ ಡೇರಿಗೆ ಹೋಯಿತು. ಮೊದಲು ತುಂಬಿದ್ದು ಹಾಲಲ್ಲ, ಕೆನೆ. ನೂರು ಮಿಲಿಲೀಟರಿನ ಪುಟ್ಟ ಪೊಟ್ಟಣಗಳಲ್ಲಿ.

1954ರಲ್ಲಿ ಮಗ ಹನ್ಸ್ ಇಪ್ಪತ್ತೆಂಟರ ವಯಸ್ಸಿಗೆ ಕಂಪನಿಯ ಮುಖ್ಯಸ್ಥರಾದರು. ಅಣ್ಣ ಗಾಡ್ ಜೊತೆಗಿದ್ದರು. ಕಂಪನಿ ಆಗ ದುಡ್ಡು ಮಾಡುತ್ತಿರಲಿಲ್ಲ, ದುಡ್ಡು ತಿನ್ನುತ್ತಿತ್ತು. ತ್ರಿಕೋನದ ಪೊಟ್ಟಣ ನೋಡಲು ಚಂದ, ಆದರೆ ಕಪಾಟಿನಲ್ಲಿ ಸಾಲಾಗಿ ಕೂರುವುದಿಲ್ಲ. ಅದಕ್ಕೆಂದೇ ಆರು ಮೂಲೆಯ ಬುಟ್ಟಿ ಮಾಡಿಸಬೇಕಾಯಿತು. ಕೊನೆಗೆ 1963ರಲ್ಲಿ ಇಟ್ಟಿಗೆಯಾಕಾರದ ಟೆಟ್ರಾ ಬ್ರಿಕ್ ಬಂತು. ಅಪ್ಪ ಕೈಯಲ್ಲಿ ಹಿಡಿದು ನೋಡಿದ ಡಬ್ಬಿಯ ಹಿರಿಯಣ್ಣ ಅದು. ಒಂದರ ಪಕ್ಕ ಒಂದು, ಒಂದರ ಮೇಲೊಂದು ಗೋಡೆ ಕಟ್ಟಿದ ಹಾಗೆ ಕೂರುತ್ತದೆ. ಲಾರಿಯಲ್ಲೂ ಜಾಗ ವ್ಯರ್ಥವಿಲ್ಲ, ಅಂಗಡಿಯಲ್ಲೂ ಇಲ್ಲ.

ಅದಕ್ಕೆ ಎರಡು ವರ್ಷ ಮೊದಲೇ, 1961ರಲ್ಲಿ, ಇನ್ನೊಂದು ದೊಡ್ಡ ಕೆಲಸ ಆಗಿತ್ತು. ಹಾಲನ್ನು ಕೆಲವೇ ಸೆಕೆಂಡು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ತಕ್ಷಣ ಆರಿಸಿ, ಕ್ರಿಮಿಯಿಲ್ಲದ ಕಾಗದಕ್ಕೆ ಕ್ರಿಮಿಯಿಲ್ಲದ ಜಾಗದಲ್ಲೇ ತುಂಬುವ ಯಂತ್ರ ಸ್ವಿಟ್ಜರ್ಲೆಂಡಿನಲ್ಲಿ ಓಡಿತು. ಹೀಗೆ ತುಂಬಿದ ಹಾಲಿಗೆ ಫ್ರಿಜ್ ಬೇಡ, ಡಬ್ಬಿ ತೆರೆಯುವವರೆಗೂ ತಿಂಗಳುಗಟ್ಟಲೆ ಕೆಡುವುದಿಲ್ಲ. ಅಮೆರಿಕದ ಆಹಾರ ತಂತ್ರಜ್ಞರ ಸಂಸ್ಥೆ 1989ರಲ್ಲಿ, ಹಿಂದಿನ ಐವತ್ತು ವರ್ಷಗಳ ಆಹಾರ ವಿಜ್ಞಾನದ ಸಾಧನೆಗಳಲ್ಲಿ ಈ ವಿಧಾನಕ್ಕೆ ಮೊದಲ ಸ್ಥಾನ ಕೊಟ್ಟಿತು. ನಮ್ಮ ನಂದಿನಿಯ ಗುಡ್‌ಲೈಫ್ ಹಾಲು ಹೊರಗಿಟ್ಟರೂ ಒಡೆಯದಿರುವುದು ಈ ವಿದ್ಯೆಯಿಂದಲೇ.

ಈಗ ಹೇಳುವ ಸಂಗತಿಯನ್ನು ವ್ಯಾಪಾರದ ಮನೆಯವರು ಗಮನವಿಟ್ಟು ಕೇಳಬೇಕು. ಮನೆತನದ ಕೈಯಲ್ಲಿ ಎರಡು ಕಂಪನಿ ಇದ್ದವು. ಒಂದು ಚೆನ್ನಾಗಿ ನಡೆಯುತ್ತಿದ್ದ ಹಳೆಯ ಓಕರ್ಲುಂಡ್ ಅಂಡ್ ರೌಸಿಂಗ್. ಇನ್ನೊಂದು ಬಂದದ್ದನ್ನೆಲ್ಲ ನುಂಗುತ್ತಿದ್ದ ಟೆಟ್ರಾ ಪ್ಯಾಕ್. ಯಾವುದನ್ನು ಮಾರುತ್ತೀರಿ? 1965ರಲ್ಲಿ ಅವರು ಹಳೆಯದನ್ನೇ ಮಾರಿ, ಬಂದ ಹಣವನ್ನು ಹೊಸದಕ್ಕೆ ಹಾಕಿದರು. ಪಾಲು ಬಂಡವಾಳದವರ ಕಂಪನಿ ಆಗಿದ್ದರೆ ಇಷ್ಟು ವರ್ಷ ಯಾರು ಕಾಯುತ್ತಿದ್ದರು? ಮನೆಯ ಕಂಪನಿಗೆ ಇರುವ ಶಕ್ತಿ ಇದು ಅಂತ ನಾನು ನಂಬುತ್ತೇನೆ. ಲೆಕ್ಕ ಒಪ್ಪಿಸಬೇಕಾದ್ದು ಊಟದ ಮನೆಯಲ್ಲಿ ಎದುರಿಗೆ ಕೂತವರಿಗೆ, ಹಾಗಾಗಿ ಕಾಯುವ ತಾಳ್ಮೆಯನ್ನು ಎಲ್ಲರೂ ಹಂಚಿಕೊಳ್ಳಬಹುದು.

ಬೆಳೆದ ಮೇಲೆ ಎಲ್ಲವೂ ಚೆನ್ನಾಗೇ ಇತ್ತು ಅಂತ ನಾನು ಹೇಳಲಾರೆ. ಯಂತ್ರ ಕೊಟ್ಟು, ಅದಕ್ಕೆ ಬೇಕಾದ ಕಾಗದವನ್ನೂ ತಮ್ಮಿಂದಲೇ ಕೊಳ್ಳಬೇಕು ಅಂತ ಕರಾರು ಹಾಕಿದ್ದು ಪೈಪೋಟಿಗೆ ಅಡ್ಡಿ ಎಂದು ಯುರೋಪಿಯನ್ ಆಯೋಗ 1991ರಲ್ಲಿ 7.5 ಕೋಟಿ ಎಕ್ಯು ದಂಡ ಹಾಕಿತು. ಎಕ್ಯು ಅಂದರೆ ಯೂರೋಗೆ ಮೊದಲು ಯುರೋಪಿನವರು ಲೆಕ್ಕಕ್ಕೆ ಬಳಸುತ್ತಿದ್ದ ನಾಣ್ಯ. ಆ ದಂಡ ನ್ಯಾಯವಾದದ್ದು ಅಂತಲೇ ನನ್ನ ಭಾವನೆ. ಅದೇ ವರ್ಷ ಅವರು ಡೇರಿ ಯಂತ್ರಗಳ ಹಳೆಯ ಕಂಪನಿ ಆಲ್ಫಾ ಲವಾಲ್ ಅನ್ನೂ ಕೊಂಡರು. 1995ರಲ್ಲಿ ಹನ್ಸ್ ತಮ್ಮ ಪಾಲನ್ನು ಅಣ್ಣ ಗಾಡ್ ಅವರಿಗೆ ಮಾರಿ ಹೊರಬಂದರು. ಕಂಪನಿ ಈಗಲೂ ಗಾಡ್ ಅವರ ಮಕ್ಕಳ ಒಡೆತನದಲ್ಲೇ ಇದೆ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಅಪ್ಪ ಕಟ್ಟಿದ ಪೊಟ್ಟಣದ ಕಾಗದ ಒಲೆಗೆ ಹೋಗುತ್ತಿತ್ತು, ದಾರವನ್ನು ಅಮ್ಮ ಬಿಚ್ಚಿ ಹೂ ಕಟ್ಟಲು ಇಟ್ಟುಕೊಳ್ಳುತ್ತಿದ್ದರು. ಈ ಡಬ್ಬಿ ಏನಾಗುತ್ತದೆ? ಕತ್ತರಿಯಿಂದ ಸೀಳಿ ನೋಡಿದ್ದೇನೆ. ಮುಕ್ಕಾಲು ಪಾಲು ರಟ್ಟು, ಉಳಿದದ್ದು ಪ್ಲಾಸ್ಟಿಕ್ ಪದರಗಳು, ಅವುಗಳ ನಡುವೆ ಕೂದಲೆಳೆಗಿಂತ ತೆಳುವಾದ ಅಲ್ಯುಮಿನಿಯಂ ಹಾಳೆ. ನೀರಿನಲ್ಲಿ ಕಲಕಿದರೆ ಕಾಗದದ ನಾರು ಬೇರೆಯಾಗುತ್ತದೆ, ಮಿಕ್ಕದ್ದನ್ನು ಬಿಸಿಯಲ್ಲಿ ಒತ್ತಿ ಚಾವಣಿಯ ಹಾಳೆ ಮಾಡುತ್ತಾರೆ. ಆದರೆ ನಮ್ಮ ಬೀದಿಯ ಗುಜರಿಯವರು ರದ್ದಿ ಪೇಪರಿಗೆ ಕೊಡುವ ಬೆಲೆ ಇದಕ್ಕೆ ಕೊಡುವುದಿಲ್ಲ. ಬೆಲೆಯಿಲ್ಲದ್ದನ್ನು ಯಾರು ಆಯುತ್ತಾರೆ? ತಮಗೆ ತಗುಲಿದ್ದಕ್ಕಿಂತ ಹೆಚ್ಚು ಉಳಿಸುವ ಪೊಟ್ಟಣ ಬೇಕು ಅಂದ ಮನೆತನ ಈ ಲೆಕ್ಕವನ್ನೂ ಹಾಕಬೇಕು ಅಂತ ನಾನು ಕೇಳುತ್ತೇನೆ.

ರೂಬೆನ್ 1983ರಲ್ಲಿ ತೀರಿಕೊಂಡರು. ಮೊದಲ ಆಕಾರದ ಪೇಟೆಂಟ್ ಅವರ ಹೆಸರಿನಲ್ಲೇ ಇತ್ತು. ವಾಲೆನ್‌ಬೆರ್ಗ್ ಅವರ ಕೆಲಸವನ್ನು ಸ್ವೀಡನ್ನಿನ ಎಂಜಿನಿಯರಿಂಗ್ ಅಕಾಡೆಮಿ ಗುರುತಿಸಿ ಗೌರವಿಸಿದ್ದು 1991ರಲ್ಲಿ, ಅಂದರೆ ನಲವತ್ತೇಳು ವರ್ಷಗಳ ಮೇಲೆ. ಎಲಿಸಬೆತ್ ಅವರಿಗೆ ಯಾವ ಪದಕವೂ ಇಲ್ಲ. ಆದರೆ ಮುಂದಿನ ಸಲ ಅಂಥ ಒಂದು ಡಬ್ಬಿ ಕೈಗೆ ಬಂದಾಗ ತಲೆಕೆಳಗು ಮಾಡಿ ನೋಡಿ. ತಳದಲ್ಲಿ ಮಡಿಸಿ ಅಂಟಿಸಿದ ಒಂದು ಅಡ್ಡ ಬೆಸುಗೆ ಕಾಣುತ್ತದೆ. ಅದು ತುಂಬಿದ ಹಾಲಿನ ನಡುವೆಯೇ ಒತ್ತಿದ ಬೆಸುಗೆ. ಅಪ್ಪ ಹುಡುಕಿದ ದಾರದ ಗಂಟು ಅಲ್ಲಿದೆ.

ನಮಸ್ಕಾರ.