ಹೆಡ್‌ಫೋನ್ ಕೊಳ್ಳುವ ಮುನ್ನ ಕಿವಿಯನ್ನು ಕೇಳಿ

ಕೇಳುಗರೆಲ್ಲರಿಗೂ ನಮಸ್ಕಾರ.

ಇಪ್ಪತ್ತು, ಮೂವತ್ತು ಸಾವಿರ ರೂಪಾಯಿ ಕೊಟ್ಟು ಹೆಡ್‌ಫೋನ್ ಕೊಳ್ಳುವವರು ಈಗ ನಮ್ಮ ಉತ್ತರ ಕನ್ನಡದಲ್ಲೂ ಇದ್ದಾರೆ. ಹಿಂದೂಸ್ತಾನಿ ಸಂಗೀತದ ಹುಚ್ಚು ಹಿಡಿದವರು, ಹಳೆಯ ಯಕ್ಷಗಾನದ ಧ್ವನಿಮುದ್ರಿಕೆಗಳನ್ನು ಜತನದಿಂದ ಕೂಡಿಟ್ಟವರು, ಶಿರಸಿ, ಸಿದ್ದಾಪುರದ ಹಳ್ಳಿಮನೆಯಲ್ಲಿ ಕುಳಿತೇ ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ತರುಣರು. ಇವರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಆರಿಸಿ, ಅಲ್ಲೇ ಹಣ ಕಟ್ಟಿ ತರಿಸಿಕೊಳ್ಳುತ್ತಾರೆ. ಅವರನ್ನು ದೂರುವಂತಿಲ್ಲ. ಕಾರವಾರದ ಪೇಟೆಯಲ್ಲಾಗಲಿ ಶಿರಸಿಯಲ್ಲಾಗಲಿ ಸಾವಿರ, ಎರಡು ಸಾವಿರದ ಮಾಲು ಬೇಕಾದಷ್ಟು ಸಿಗುತ್ತದೆ. ಅದಕ್ಕಿಂತ ಮೇಲಿನದನ್ನು ಕೇಳಿದರೆ, ‘ಬೇಕಾದರೆ ತರಿಸಿಕೊಡುತ್ತೇನೆ’ ಎಂಬ ಉತ್ತರ ಬರುತ್ತದೆ. ಅಪರೂಪಕ್ಕೆ ಯಾರೋ ಒಬ್ಬರು ಕೇಳುವ ವಸ್ತುವಿನ ಮೇಲೆ ಅಂಗಡಿಯವರು ಬಂಡವಾಳ ಹಾಕಿ ಕೂರಲಾರರು.

ಆದರೂ ನನ್ನ ಒತ್ತಾಯ ಒಂದೇ. ದುಬಾರಿ ಹೆಡ್‌ಫೋನನ್ನು ಒಮ್ಮೆಯಾದರೂ ತಲೆಗೆ ಹಾಕಿ, ನಿಮಗೆ ಚೆನ್ನಾಗಿ ಗೊತ್ತಿರುವ ಸಂಗೀತವನ್ನು ಅದರಲ್ಲಿ ಕೇಳಿ, ಆಮೇಲೆ ಹಣ ಬಿಚ್ಚಿ. ಎಲ್ಲಿ ಕೊಳ್ಳಬೇಕೆಂಬುದು ಅದರ ನಂತರದ ಮಾತು.

ಮಾರಾಟದ ಪುಟದಲ್ಲಿರುವ ಅಂಕಿಗಳನ್ನು ನಂಬಿ ಕೊಳ್ಳಬಹುದಲ್ಲ ಎನ್ನುವವರಿದ್ದಾರೆ. 20 ಹರ್ಟ್ಸ್‌ನಿಂದ 20,000 ಹರ್ಟ್ಸ್ ಎಂದು ಸಾಧಾರಣ ಹೆಡ್‌ಫೋನಿನ ಪೆಟ್ಟಿಗೆಯ ಮೇಲೂ ಬರೆದಿರುತ್ತದೆ. ಮನುಷ್ಯನ ಕಿವಿಗೆ ಕೇಳಿಸುವ ವ್ಯಾಪ್ತಿಯೇ ಸುಮಾರು ಅಷ್ಟು. ಅದರಿಂದ ನಾದದ ಗುಣ ಒಂದಿಷ್ಟೂ ತಿಳಿಯುವುದಿಲ್ಲ. ಗಮನಿಸಬೇಕಾದ ಅಂಕಿ ಬೇರೆಯೇ ಇದೆ, ಅದು ಓಮ್‌ಗಳಲ್ಲಿ ಹೇಳುವ ರೋಧ (ಇಂಪಿಡೆನ್ಸ್), ಅಂದರೆ ವಿದ್ಯುತ್ತಿನ ಹರಿವಿಗೆ ಹೆಡ್‌ಫೋನ್ ಒಡ್ಡುವ ತಡೆ. 1997ರಲ್ಲಿ ಬಂದು ಇಂದಿಗೂ ರಸಿಕರು ಬಿಟ್ಟುಕೊಡದ ಸೆನ್‌ಹೈಸರ್ ಎಚ್‌ಡಿ 600ರ ರೋಧ 300 ಓಮ್. ಮೊಬೈಲಿನಿಂದ ಒಂದು ವೋಲ್ಟ್ ಹೊರಬರುತ್ತದೆ ಎಂದುಕೊಳ್ಳಿ. 32 ಓಮ್‌ನ ಹೆಡ್‌ಫೋನಿಗೆ ಅದರಿಂದ ಸುಮಾರು 31 ಮಿಲಿವ್ಯಾಟ್ ಶಕ್ತಿ ದಕ್ಕುತ್ತದೆ, 300 ಓಮ್‌ನದಕ್ಕೆ ಮೂರು ಚಿಲ್ಲರೆ ಮಿಲಿವ್ಯಾಟ್ ಮಾತ್ರ. ಮೆಲುದನಿಯಲ್ಲಿ ಮುದ್ರಿಸಿದ ಆಲಾಪ ಕೇಳಲು ಧ್ವನಿಯನ್ನು ಪೂರ್ತಿ ಏರಿಸಿದರೂ ಸಾಲದೆ ಹೋಗಬಹುದು. ಆಗ ಪ್ರತ್ಯೇಕ ಆಂಪ್ಲಿಫೈಯರ್ ಬೇಕು, ಅದಕ್ಕೆ ಮತ್ತೆ ಹಣ. ಇನ್ನೂ ಒಂದು ತೊಡಕಿದೆ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ 32, 80 ಮತ್ತು 250 ಓಮ್‌ಗಳಲ್ಲಿ ಬಂದಿದೆ. ಹೆಸರು ಒಂದೇ, ಚಿತ್ರದಲ್ಲಿ ನೋಡಿದರೆ ರೂಪವೂ ಹೆಚ್ಚುಕಡಿಮೆ ಒಂದೇ. ಅವಸರದಲ್ಲಿ ಬೆರಳು ತಪ್ಪಿದರೆ ನಿಮ್ಮ ಮೊಬೈಲಿಗೆ ಹೊಂದದ್ದು ಮನೆಗೆ ಬರುತ್ತದೆ.

ಇನ್ನು ಕೇಳುವ ಬಗೆ. ನಾನು ಮೊದಲು ಗಮನಿಸುವುದು ತಂಬೂರಿಯನ್ನು. ತಂತಿಗಳನ್ನು ಹೊತ್ತಿರುವ ಕುದುರೆಯೆಂಬ ಪಟ್ಟಿಯ ಮೇಲೆ ತಂತಿಯಡಿ ಸಿಕ್ಕಿಸಿದ ನೂಲೆಳೆಯಿಂದ ಒಂದು ಝೇಂಕಾರ ಹುಟ್ಟುತ್ತದಲ್ಲ, ಅದರೊಳಗಿನ ಮೇಲುಸ್ವರಗಳು ಒಂದೊಂದಾಗಿ ಅರಳುವುದು ಒಳ್ಳೆಯ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ಕಳಪೆಯದರಲ್ಲಿ ಅದು ಬರೀ ಗುಂಯ್ ಎನ್ನುವ ಶಬ್ದ. ಆಮೇಲೆ ಬಡಗುತಿಟ್ಟಿನ ಯಕ್ಷಗಾನದ ಒಂದು ಏರುಪದ, ಅಂದರೆ ಬಿರುಸಿನ ಹಾಡು. ಚಂಡೆಯ ಪೆಟ್ಟುಗಳು ಎಷ್ಟು ಬಿರುಸಾಗಿ ಬಿದ್ದರೂ ಬಿಡಿಬಿಡಿಯಾಗಿ ಕೇಳಬೇಕು, ಮದ್ದಳೆ ಅದರಡಿ ಹೂತುಹೋಗಬಾರದು, ಭಾಗವತರ ಸಾಹಿತ್ಯದ ಒಂದಕ್ಷರವೂ ಮಸುಕಾಗಬಾರದು. ಸಿನಿಮಾ ಹಾಡಿನ ದಮ್ಮಿಗೆಂದು ತಗ್ಗುಸ್ವರಗಳನ್ನು ಬೇಕೆಂದೇ ಉಬ್ಬಿಸಿದ ಹೆಡ್‌ಫೋನುಗಳು, ಬೆಲೆ ಎಷ್ಟೇ ಇರಲಿ, ಇಲ್ಲಿ ಸೋಲುತ್ತವೆ. ಬೇರೆ ಊರಿನ, ಬೇರೆ ಸಂಗೀತದ ಕಿವಿ ಬರೆದ ವಿಮರ್ಶೆ ನಮಗೆ ಇದನ್ನು ಹೇಳಲಾರದು.

ಕನ್ನಡಕ ಹಾಕುವವರು ಕನ್ನಡಕದೊಂದಿಗೇ ಪರೀಕ್ಷಿಸಬೇಕು. ಕಡ್ಡಿಯ ಪಕ್ಕದಲ್ಲಿ ಸಂದು ಬಿದ್ದರೆ ಮುಚ್ಚಿದ ಬಗೆಯ ಹೆಡ್‌ಫೋನಿನಲ್ಲಿ ತಗ್ಗುಸ್ವರ ಸೋರಿಹೋಗುತ್ತದೆ. ಹಿಂಬದಿ ತೆರೆದಿರುವ ಬಗೆಯಲ್ಲಿ ನಾದ ವಿಶಾಲವಾಗಿ ಹರಡುತ್ತದೆ, ನನಗೂ ಅದೇ ಇಷ್ಟ. ಆದರೆ ಅದು ಹೊರಗಿನ ಸದ್ದನ್ನು ತಡೆಯುವುದಿಲ್ಲ. ಆಷಾಢದಲ್ಲಿ ಕುಮಟೆಯ ಹಂಚಿನ ಮನೆಯೊಳಗೆ ಅದನ್ನು ಹಾಕಿ ಕುಳಿತರೆ ರಾಗಕ್ಕಿಂತ ಮಳೆಯೇ ಹೆಚ್ಚು ಕೇಳಿಸುತ್ತದೆ. ನಮ್ಮ ಕರಾವಳಿಯ ಹವೆ ಇನ್ನೊಂದು ಹಾನಿಯನ್ನೂ ಮಾಡುತ್ತದೆ. ಚರ್ಮದಂತೆ ಕಾಣುವ ಕಿವಿದಿಂಬಿನ ಮೇಲಿರುವುದು ಬಹುಮಟ್ಟಿಗೆ ಪಾಲಿಯುರೆಥೇನ್ ಲೇಪ. ತೇವಾಂಶಕ್ಕೆ ಅದು ಒಳಗಿಂದೊಳಗೇ ಒಡೆಯುತ್ತದೆ. ಒಂದು ದಿನ ಹೆಡ್‌ಫೋನ್ ತೆಗೆದಾಗ ಕಿವಿಯ ಸುತ್ತ, ಕೆನ್ನೆಯ ಮೇಲೆ, ಅಂಗಿಯ ಕಾಲರಿನಲ್ಲಿ ಕಪ್ಪು ಚಕ್ಕೆಗಳು ಅಂಟಿರುತ್ತವೆ. ಆದ್ದರಿಂದ ಬಿಡಿ ದಿಂಬು ಸಿಗುವ, ಅದನ್ನು ಕೈಯಲ್ಲೇ ಕಳಚಿ ಹಾಕಬಹುದಾದ ಮಾದರಿಯನ್ನೇ ಆರಿಸಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.

ಎಲ್ಲಿ ಕೇಳಿ ನೋಡುವುದು? ಬೆಂಗಳೂರಿನಲ್ಲಿ ಕುಳಿತು ಕೇಳಲು ಬಿಡುವ ಅಂಗಡಿಗಳಿವೆ. ಕಾರವಾರದಿಂದ ಪಂಚಗಂಗಾ ರೈಲು ಹತ್ತಿದರೆ ಬೆಳಗ್ಗೆ ಅಲ್ಲಿರುತ್ತೀರಿ. ಬೇರೆ ಕೆಲಸಕ್ಕೆ ಹೋದಾಗ ಅರ್ಧ ದಿನ ಇದಕ್ಕೆಂದು ತೆಗೆದಿಡಿ. ಇಲ್ಲೇ ಹತ್ತಿರದಲ್ಲಿ ಯಕ್ಷಗಾನಕ್ಕೆ ಮೈಕ್ ಕಟ್ಟುವ ಧ್ವನಿವರ್ಧಕದವರನ್ನೂ ವಿಚಾರಿಸಿ. ಭಾಗವತರ ಸ್ವರವನ್ನೂ ಚಂಡೆಯನ್ನೂ ರಾತ್ರಿಯಿಡೀ ಹದ ಮಾಡಿದ ಕಿವಿ ಅವರದು. ಅವರ ಮಾತಿಗೆ ನಾನು ತುಂಬ ಬೆಲೆ ಕೊಡುತ್ತೇನೆ.

ಕೇಳಿ ಮನಸ್ಸು ಗಟ್ಟಿ ಮಾಡಿಕೊಂಡ ಮೇಲೆ ಆನ್‌ಲೈನಿನಲ್ಲೇ ಕೊಳ್ಳುವಿರಾದರೆ, ಜಾಲತಾಣದ ಹೆಸರಿಗಿಂತ ಅದರಲ್ಲಿ ಮಾರುತ್ತಿರುವವನ ಹೆಸರನ್ನು ನೋಡಿ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟಗಾರನ ಹೆಸರು ವಿಳಾಸ, ವಸ್ತು ತಯಾರಾದ ದೇಶ, ವಾಪಸಾತಿ ಮತ್ತು ವಾರಂಟಿಯ ಷರತ್ತು ಎಲ್ಲವನ್ನೂ ಪುಟದಲ್ಲಿ ತೋರಿಸಲೇಬೇಕು. ‘ಬದಲಿ ಮಾತ್ರ’ ಎಂದಿದ್ದರೆ ನಾದ ಹಿಡಿಸಲಿಲ್ಲವೆಂದು ಹಣ ವಾಪಸು ಬರುವುದಿಲ್ಲ. ಅಧಿಕೃತ ವಿತರಕರ ಮೂಲಕ ಬಾರದ ಮಾಲು ಹಲವು ಸಾವಿರ ಅಗ್ಗಕ್ಕೆ ಸಿಗುತ್ತದೆ, ಆದರೆ ಕೆಟ್ಟರೆ ಇಲ್ಲಿನ ಸೇವಾ ಕೇಂದ್ರ ಅದನ್ನು ಮುಟ್ಟದೆ ಇರಬಹುದು. ಪೆಟ್ಟಿಗೆಯ ಮೇಲೆ ಆಮದುದಾರನ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆಯ ಚೀಟಿ ಇದೆಯೇ ನೋಡಿಕೊಳ್ಳಿ. ಪಾರ್ಸೆಲ್ ಬಿಚ್ಚುವಾಗ ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿಟ್ಟುಕೊಳ್ಳಿ. ಮೋಸವಾದರೆ ಮಾರಿದವನು ದೆಹಲಿಯಲ್ಲಿದ್ದಾನೆಂದು ಕೈಚೆಲ್ಲಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಕೊಂಡವರು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಅವಕಾಶ ಮಾಡಿದೆ. ಜೊಯಿಡಾದವರಾಗಲಿ ಭಟ್ಕಳದವರಾಗಲಿ ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ಊರಿನ ಅಂಗಡಿಯ ಬಗ್ಗೆ ನನಗಿರುವ ಪ್ರೀತಿಗೆ ಕಾರಣ ರಿಪೇರಿ. ಹೆಡ್‌ಫೋನ್ ಕೆಡುವುದು ಹೆಚ್ಚಾಗಿ ಪಿನ್ನಿನ ಬುಡದಲ್ಲಿ, ತಂತಿ ಮಡಚಿ ಮಡಚಿ. ಅದರೊಳಗಿನ ಕೂದಲೆಳೆಯಂಥ ತಾಮ್ರದ ಎಳೆಗಳಿಗೆ ಕೆಂಪು, ಹಸಿರು ಬಣ್ಣದ ವಾರ್ನಿಷ್ ಇರುತ್ತದೆ. ಅದನ್ನು ಸುಡದೆ ಬೆಸುಗೆ ಹಿಡಿಯುವುದಿಲ್ಲ. ಕೈ ಪಳಗಿದವರು ಸೋಲ್ಡರಿಂಗ್ ಐರನ್ನಿನ ತುದಿಯಲ್ಲಿ ಸೀಸದ ಒಂದು ಹನಿ ನಿಲ್ಲಿಸಿ, ಎಳೆಗಳನ್ನು ಅದರೊಳಗೆ ಅದ್ದುತ್ತಾರೆ. ಸಣ್ಣ ಹೊಗೆಯೆದ್ದು ಬಣ್ಣ ಹೋಗಿ ಬೆಳ್ಳಿಯ ಹೊಳಪು ಬರುತ್ತದೆ. ಆಗ ಹೊಸ ಪಿನ್ ಕೂಡಿಸುತ್ತಾರೆ. ರೇಡಿಯೊ ರಿಪೇರಿ ಮಾಡಿದ ಹಳಬರಿಗೆ ಈ ಕೆಲಸ ಸಲೀಸು. ಇಷ್ಟಕ್ಕೇ ಬೆಂಗಳೂರಿಗೆ ಕೊರಿಯರ್ ಮಾಡಿ ವಾರಗಟ್ಟಲೆ ಕಾಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಅಂಗಡಿಯಲ್ಲಿ ಅರ್ಧ ತಾಸು ಕುಳಿತು ಒಂದೊಂದನ್ನೂ ತೆಗೆಸಿ ಕೇಳಿ, ಹೊರಗೆ ಬಂದು ಐನೂರು ರೂಪಾಯಿ ಕಡಿಮೆಯೆಂದು ಮೊಬೈಲಿನಲ್ಲಿ ತರಿಸುವುದು ಅನ್ಯಾಯ. ಅವರ ಸಮಯಕ್ಕೂ ಬೆಲೆಯಿದೆ. ಆನ್‌ಲೈನ್ ದರವನ್ನು ಅವರಿಗೇ ತೋರಿಸಿ ಕೇಳಿ. ಅಧಿಕೃತ ವಿತರಕರಿಂದ, ಜಿಎಸ್‌ಟಿ ಬಿಲ್ಲಿನೊಂದಿಗೆ ತರಿಸಿಕೊಡಲು ಅವರು ಒಪ್ಪಿದರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಅಂಗಡಿಯವರಲ್ಲೂ ಒಂದು ಕೋರಿಕೆ ಇದೆ. ಎರಡು ಮೂರು ಒಳ್ಳೆಯ ಹೆಡ್‌ಫೋನುಗಳನ್ನು, ಜೊತೆಗೊಂದು ಸಣ್ಣ ಆಂಪ್ಲಿಫೈಯರನ್ನು ಕೇಳಿ ನೋಡಲೆಂದೇ ಇಟ್ಟುಕೊಳ್ಳಿ. ಕೇಳುವುದಕ್ಕೆ ನೂರೋ ಇನ್ನೂರೋ ರೂಪಾಯಿ ಶುಲ್ಕ ಹಾಕಿ, ಕೊಂಡವರಿಗೆ ಬಿಲ್ಲಿನಲ್ಲಿ ಅದನ್ನು ಕಳೆದುಕೊಡಿ. ಒಬ್ಬರಿಗೆ ಭಾರವಾದರೆ ಶಿರಸಿ, ಕುಮಟಾ, ಕಾರವಾರದ ಮೂವರು ಸೇರಿ ಒಂದೇ ಜೊತೆಯನ್ನು ಸರದಿಯಂತೆ ಇಟ್ಟುಕೊಳ್ಳಬಹುದು. ಶುಲ್ಕ ಕೊಟ್ಟು ಕೇಳುವವರು ಬಂದೇ ಬರುತ್ತಾರೆ, ನಾನಂತೂ ಬರುತ್ತೇನೆ.

ನಮಸ್ಕಾರ.